ಒಂದು ಮೊಳದ ಅಂತರ

ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದರೆ ಒಂದು ಮೊಳ, ಇಂಚಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 18. ಅಮೆರಿಕದ ಕಾನ್ಸಾಸ್ ರಾಜ್ಯದ ಆಚಿಸನ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಎರಡು ಪೈಪುಗಳ ಬಾಯಿಗಳ ನಡುವೆ ಇದ್ದದ್ದು ಅಷ್ಟೇ ಜಾಗ. ಒಂದು ಪೈಪು ಸಲ್ಫ್ಯೂರಿಕ್ ಆಸಿಡ್ ಟ್ಯಾಂಕಿಗೆ ಹೋಗುತ್ತಿತ್ತು, ಇನ್ನೊಂದು ಸೋಡಿಯಂ ಹೈಪೋಕ್ಲೋರೈಟ್ ಟ್ಯಾಂಕಿಗೆ. ನಮ್ಮ ಕಡೆ ಕೆಲಸಗಾರರು ಚಿಕ್ಕದಾಗಿ ‘ಹೈಪೋ’ ಅನ್ನುವುದು ಇದನ್ನೇ. ಎರಡೂ ಬಾಯಿಗಳು ನೋಡಲು ಒಂದೇ ತರ ಇದ್ದವು.

2016ರ ಅಕ್ಟೋಬರ್ 21ರ ಬೆಳಿಗ್ಗೆ ಅಲ್ಲಿಗೆ ಆಸಿಡ್ ತುಂಬಿದ ಟ್ಯಾಂಕರ್ ಬಂತು. ಕಾರ್ಖಾನೆಯ ಕೆಲಸಗಾರ ಬಂದು ಆಸಿಡ್ ಪೈಪಿನ ಬೀಗ ತೆಗೆದುಕೊಟ್ಟು ಹೋದ. ಪಕ್ಕದ ಹೈಪೋ ಪೈಪಿಗೆ ಇರಬೇಕಿದ್ದ ಬೀಗ ಅವತ್ತು ಹಾಕಿರಲಿಲ್ಲ. ಚಾಲಕ ಹೋಸನ್ನು ಆ ಪಕ್ಕದ ಬಾಯಿಗೆ ಸಿಕ್ಕಿಸಿ ವಾಲ್ವ್ ತಿರುಗಿಸಿದ. ಕೆಲವೇ ನಿಮಿಷಗಳಲ್ಲಿ ಹಸಿರು ಮಿಶ್ರಿತ ಹಳದಿ ಮೋಡ ಎದ್ದಿತು. ಅದು ಕ್ಲೋರಿನ್. ಅನಿಲ ಕಂಟ್ರೋಲ್ ರೂಮಿಗೂ ನುಗ್ಗಿದ್ದರಿಂದ ಒಳಗಿದ್ದವರು ಎದ್ದು ಓಡಬೇಕಾಯಿತು. ಟ್ಯಾಂಕರಿನ ವಾಲ್ವ್ ಮುಚ್ಚಲು ಯಾರೂ ಹತ್ತಿರ ಹೋಗುವಂತಿರಲಿಲ್ಲ. ರಕ್ಷಣಾ ಉಡುಪು ತೊಟ್ಟ ಸಿಬ್ಬಂದಿ ಬಂದು ಮುಚ್ಚುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು, ಸುಮಾರು 15,000 ಲೀಟರ್ ಆಸಿಡ್ ಒಳಗೆ ಹೋಗಿತ್ತು. ಊರಿನ ಸುಮಾರು 11,000 ಮಂದಿ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರಬೇಕಾಯಿತು, ಇಲ್ಲವೇ ಊರು ಬಿಡಬೇಕಾಯಿತು. 140ಕ್ಕೂ ಹೆಚ್ಚು ಜನ ಚಿಕಿತ್ಸೆ ಕೇಳಿಕೊಂಡು ಬಂದರು.

ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಈ ಘಟನೆಯ ತನಿಖೆ ನಡೆಸಿತು. ಆ ವಿವರಗಳನ್ನು ಓದುವಾಗ ನನ್ನ ಗಮನ ಹಿಡಿದು ನಿಲ್ಲಿಸಿದ್ದು ಈ ಮೊಳದ ಅಳತೆ. ಅವತ್ತು ಅನಾಹುತ ಶುರುವಾದದ್ದು ಟ್ಯಾಂಕು ಒಡೆದೋ, ಪೈಪು ಸೋರಿಯೋ, ಬೆಂಕಿ ಬಿದ್ದೋ ಅಲ್ಲ. ಆಸಿಡ್ ತಾನಿರುವಲ್ಲಿ ಸುಮ್ಮನಿತ್ತು, ಹೈಪೋ ಕೂಡ. ಅವೆರಡನ್ನೂ ಭೇಟಿ ಮಾಡಿಸಿದ್ದು ಒಂದು ಹೋಸ್. ಕಾರ್ಖಾನೆ ಅನಾಹುತ ಅಂದಾಗ ನಾವೆಲ್ಲ ‘ಆ ಕೆಮಿಕಲ್ ಎಷ್ಟು ಭಯಂಕರ’ ಎಂದು ಕೇಳುತ್ತೇವೆ. ಕೇಳಬೇಕಾದದ್ದು ‘ಅದರ ಪಕ್ಕದಲ್ಲಿ ಏನಿತ್ತು’ ಎಂದು.

ಹೈಪೋ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಯಾಕೆ ಬರುತ್ತದೆ ಎಂದು ತಿಳಿಯಲು ಹೈಪೋ ತಯಾರಾಗುವ ಬಗೆ ನೋಡಿದರೆ ಸಾಕು. ಕ್ಲೋರಿನ್ ಅನಿಲವನ್ನು ಕಾಸ್ಟಿಕ್ ಸೋಡಾದ ನೀರಿನೊಳಗೆ ಹಾಯಿಸುತ್ತಾರೆ. ಕಾಸ್ಟಿಕ್ ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಹೈಪೋ ಅಂದರೆ ಹಗ್ಗ ಹಾಕಿ ಕಟ್ಟಿದ ಕ್ಲೋರಿನ್. ಕ್ಷಾರ ಗಟ್ಟಿಯಾಗಿ ಇರುವತನಕ, ಅಂದರೆ ಪಿಎಚ್ (ಹುಳಿ-ಕ್ಷಾರದ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 11–12ರ ಮೇಲೆ ಇರುವತನಕ, ಹಗ್ಗ ಬಿಗಿಯಾಗಿರುತ್ತದೆ. ಆಸಿಡ್ ಸುರಿದ ಕೂಡಲೇ ಅದು ಮೊದಲು ಈ ಕ್ಷಾರವನ್ನು ತಿಂದುಹಾಕುತ್ತದೆ. ಹಗ್ಗ ಕಡಿದ ಮೇಲೆ ಕ್ಲೋರಿನ್ ಬಂದ ಹಾಗೆಯೇ ಅನಿಲವಾಗಿ ಹೊರಟುಹೋಗುತ್ತದೆ. ಆಸಿಡ್ ಸಲ್ಫ್ಯೂರಿಕ್ಕೋ ಹೈಡ್ರೋಕ್ಲೋರಿಕ್ಕೋ ಎಂಬುದು ಇಲ್ಲಿ ದೊಡ್ಡ ಮಾತಲ್ಲ. ವಿನೆಗರ್ ಕೂಡ ಇದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ.

ಪ್ರಮಾಣ ಎಷ್ಟು ಎಂದು ಮನೆಯ ಬಚ್ಚಲಲ್ಲೇ ಲೆಕ್ಕ ಹಾಕಿ ನೋಡೋಣ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 2.4 ಮೀಟರ್ ಎತ್ತರದ ಬಚ್ಚಲು ಅಂದರೆ ಒಳಗೆ 7,200 ಲೀಟರ್ ಗಾಳಿ. ಶೇ 5ರಷ್ಟು ಸಾಂದ್ರತೆಯ ಬ್ಲೀಚ್ (ಇದು ತೆಳು ಮಾಡಿದ ಹೈಪೋ) ಒಂದು ಲೋಟ, 200 ಮಿಲಿ, ತೆಗೆದುಕೊಳ್ಳಿ. ಅದರೊಳಗೆ ಸುಮಾರು 10 ಗ್ರಾಂ ಕ್ಲೋರಿನ್ ಕಟ್ಟಿಹಾಕಿರುತ್ತದೆ. ಅದೆಲ್ಲ ಅನಿಲವಾದರೆ ಸುಮಾರು ಮೂರೂವರೆ ಲೀಟರ್. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಹೊರಬಂತು ಅಂದುಕೊಂಡರೂ ಬಚ್ಚಲ ಗಾಳಿಯಲ್ಲಿ ಕ್ಲೋರಿನ್ ಹತ್ತು ಲಕ್ಷಕ್ಕೆ ಸುಮಾರು 48 ಪಾಲು ಆಗುತ್ತದೆ. ಜೀವಕ್ಕೆ ತಕ್ಷಣದ ಅಪಾಯ ಎಂದು ಕಾರ್ಮಿಕ ಆರೋಗ್ಯ ತಜ್ಞರು ಗೆರೆ ಎಳೆದಿರುವುದು ಹತ್ತು ಲಕ್ಷಕ್ಕೆ 10 ಪಾಲಿನಲ್ಲಿ. ಕಿಟಕಿ ಮುಚ್ಚಿ, ಬಗ್ಗಿ ಕುಳಿತು, ಬಾತ್‌ರೂಮ್ ಆಸಿಡ್ ಹಾಕಿದ ನೆಲದ ಮೇಲೆಯೇ ‘ಇನ್ನೂ ಬೆಳ್ಳಗಾಗಲಿ’ ಎಂದು ಬ್ಲೀಚ್ ಸುರಿದು ಉಜ್ಜುವವರ ಮೂಗು ಇರುವುದು ನೆಲದಿಂದ ಎರಡಡಿ ಎತ್ತರದಲ್ಲಿ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲ ಹಿಡಿದೇ ಹರಿಯುತ್ತದೆ. ದಯವಿಟ್ಟು ಇದನ್ನು ನಿಮ್ಮ ಮನೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಆಫೀಸಿನಲ್ಲಿ ತೊಳೆಯುವ ಕೆಲಸ ಮಾಡುವವರಿಗೆ ಬಾಯಿ ಬಿಟ್ಟು ಹೇಳಿ. ಅವರಿಗೆ ಬಾಟಲಿ ತಂದುಕೊಡುವವರು ನಾವು.

2019ರ ನವೆಂಬರ್ 7ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಒಂದು ರೆಸ್ಟೊರೆಂಟಿನ ಅಡುಗೆಮನೆಯಲ್ಲಿ ಹೀಗೇ ಆಯಿತು. ನೆಲದ ಮೇಲೆ ಆಸಿಡ್ ಇರುವ ಕ್ಲೀನರ್ ಚೆಲ್ಲಿತ್ತು. ಅದು ಗೊತ್ತಿಲ್ಲದೆ ಇನ್ನೊಬ್ಬರು ನೆಲ ತೊಳೆಯಲು ಹೈಪೋ ಇರುವ ಕ್ಲೀನರ್ ಸುರಿದರು. ನೊರೆಯೆದ್ದು ಹಸಿರು ಬಣ್ಣಕ್ಕೆ ತಿರುಗಿತು. ಮ್ಯಾನೇಜರ್ ಓಡಿಬಂದು ಅದನ್ನು ಹೊರಕ್ಕೆ ತಳ್ಳಲು ನೋಡಿದರು, ಅದೇ ಅವರ ಜೀವ ತೆಗೆಯಿತು. ಇಬ್ಬರಲ್ಲಿ ಯಾರೂ ‘ಬೆರೆಸಿದ್ದಲ್ಲ’ ಎಂಬುದನ್ನು ನೋಡಿ. ಒಬ್ಬರ ಕೈಯಿಂದ ಒಂದು, ಇನ್ನೊಬ್ಬರ ಕೈಯಿಂದ ಇನ್ನೊಂದು, ನಡುವೆ ಒಂದಿಷ್ಟು ಹೊತ್ತು. ಬೆರಕೆ ಆಗುವುದು ಬಹುಪಾಲು ಹೀಗೆಯೇ, ಬೇಕೆಂದು ಬೆರೆಸಿದವರಿಂದಲ್ಲ.

ಕೆಮಿಕಲ್ ಸಾಗಿಸುವ ಟ್ಯಾಂಕರಿನ ಹಿಂಭಾಗ ನೋಡಿರುತ್ತೀರಿ. ವಜ್ರದಾಕಾರದ ಫಲಕ, ಅದರಲ್ಲಿ ಒಂದು ಕೈಯ ಮೇಲೂ ಒಂದು ಲೋಹದ ಪಟ್ಟಿಯ ಮೇಲೂ ಹನಿ ಬಿದ್ದು ಕೊರೆಯುತ್ತಿರುವ ಚಿತ್ರ, ಕೆಳಗೆ 8 ಎಂಬ ಅಂಕಿ. ‘ಕೊರೆಯುವ ವಸ್ತು’ ಎಂದು ಅದರ ಅರ್ಥ. ಹೈಡ್ರೋಕ್ಲೋರಿಕ್ ಆಸಿಡ್‌ಗೂ ಅದೇ ಫಲಕ, ಸಲ್ಫ್ಯೂರಿಕ್‌ಗೂ ಅದೇ, ಕಾಸ್ಟಿಕ್ ದ್ರಾವಣಕ್ಕೂ ಅದೇ, ಹೈಪೋಗೂ ಅದೇ. ಒಂದಕ್ಕೊಂದು ಹಾವು ಮುಂಗುಸಿ ಆದವು ಒಂದೇ ಚಿತ್ರ ಹೊತ್ತು ತಿರುಗುತ್ತವೆ. ವ್ಯತ್ಯಾಸ ಇರುವುದು ಕಿತ್ತಳೆ ಬಣ್ಣದ ಪಟ್ಟಿಯ ಮೇಲಿನ ನಾಲ್ಕಂಕಿಯ ಯುಎನ್ ಸಂಖ್ಯೆಯಲ್ಲಿ. ಹೈಡ್ರೋಕ್ಲೋರಿಕ್ ಆಸಿಡ್ 1789, ಹೈಪೋಕ್ಲೋರೈಟ್ 1791, ಕಾಸ್ಟಿಕ್ ದ್ರಾವಣ 1824, ಸಾಂದ್ರ ಸಲ್ಫ್ಯೂರಿಕ್ 1830. ನಸುಕಿನಲ್ಲಿ, ನಿದ್ದೆಗಣ್ಣಿನಲ್ಲಿ, 1789ಕ್ಕೂ 1791ಕ್ಕೂ ಇರುವ ಅಂತರ ಎಷ್ಟರದ್ದು? ಈ ಫಲಕಗಳು ಮುಟ್ಟಿದರೆ ಏನಾಗುತ್ತದೆ ಎಂದು ಹೇಳುತ್ತವೆ, ಯಾವುದನ್ನು ಯಾವುದರ ಪಕ್ಕ ಇಡಬಾರದು ಎಂದು ಹೇಳುವುದಿಲ್ಲ. ‘ಎರಡೂ ಒಂದೇ ಗುಂಪಿನವು, ಒಂದೇ ಕಡೆ ಇಡೋಣ’ ಎಂದು ಸ್ಟೋರ್‌ನವರು ಜೋಡಿಸಿಬಿಟ್ಟರೆ ಅಪಾಯ ಅಲ್ಲೇ ಶುರುವಾಗುತ್ತದೆ.

ಇನ್ನು ನಮ್ಮ ಹತ್ತಿರದ ಉದಾಹರಣೆಗೆ ಬರುತ್ತೇನೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಪ್ಲೇಟಿಂಗ್ ಶಾಪುಗಳು ಸಾಕಷ್ಟಿವೆ. ಕಬ್ಬಿಣದ ಬೋಲ್ಟು, ಕೊಂಡಿ, ಬ್ರ್ಯಾಕೆಟ್‌ಗಳಿಗೆ ಸತುವು, ತಾಮ್ರ, ಕ್ರೋಮಿಯಂ ಲೇಪ ಕೊಡುವ ಜಾಗಗಳಿವು. ಸೈನೈಡ್ ಬಳಸುವ ಶಾಪಿನಲ್ಲಿ ಸಾಲಾಗಿ ತೊಟ್ಟಿಗಳು. ಮೊದಲು ಜಿಡ್ಡು ತೆಗೆಯುವ ಬಿಸಿ ಕಾಸ್ಟಿಕ್, ಆಮೇಲೆ ನೀರು. ಆಮೇಲೆ ತುಕ್ಕು ತೆಗೆಯುವ ಆಸಿಡ್ (ಪಿಕ್ಲಿಂಗ್ ಅನ್ನುತ್ತಾರೆ), ಮತ್ತೆ ನೀರು. ಅದಾದ ಮೇಲೆ ಲೇಪ ಕೊಡುವ ಸೈನೈಡ್ ದ್ರಾವಣದ ತೊಟ್ಟಿ, ಅಂದರೆ ಸೈನೈಡ್ ಬಾತ್. ಲೇಪ ಕೊಡಬೇಕಾದ ತುಂಡುಗಳನ್ನು ತೂಗುಹಾಕಿದ ಚೌಕಟ್ಟು (ಜಿಗ್) ಒಂದರಿಂದ ಒಂದಕ್ಕೆ ಮುಳುಗುತ್ತಾ ಏಳುತ್ತಾ ಹೋಗುತ್ತದೆ, ತೊಟ್ಟಿಕ್ಕುತ್ತಾ ಹೋಗುತ್ತದೆ. ಆಸಿಡ್‌ಗೂ ಸೈನೈಡ್‌ಗೂ ನಡುವೆ ಇರುವ ಗೋಡೆ ಯಾವುದು? ಆ ನೀರಿನ ತೊಟ್ಟಿ. ಅದರ ನೀರು ಬದಲಾಯಿಸದೆ ಬಿಟ್ಟರೆ ದಿನಗಳೆದಂತೆ ಅದೂ ತೆಳು ಆಸಿಡ್ಡೇ ಆಗುತ್ತದೆ. ಆಗ ಗೋಡೆ ಕಣ್ಣಿಗೆ ಕಾಣುತ್ತಿರುತ್ತದೆ, ಕೆಲಸಕ್ಕೆ ಇರುವುದಿಲ್ಲ.

ಸೈನೈಡ್ ಕೂಡ ಹೈಪೋದಂತೆಯೇ ಕ್ಷಾರದ ಬಲದಿಂದ ಸುಮ್ಮನಿರುವ ವಸ್ತು. ಬಾತ್‌ನ ಪಿಎಚ್ ಇಳಿಯುತ್ತಾ 9ರ ಆಸುಪಾಸಿಗೆ ಬಂದರೆ ಅದರ ದೊಡ್ಡ ಪಾಲು ಹೈಡ್ರೋಜನ್ ಸೈನೈಡ್ ಆಗಿಬಿಡುತ್ತದೆ. ಇದು ಕುದಿಯುವುದು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಂಗಳೂರಿನ ಮಾಮೂಲಿ ಮಧ್ಯಾಹ್ನವೇ ಸಾಕು, ಒಲೆ ಬೇಡ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ, ಆದರೆ ಆ ವಾಸನೆಯನ್ನು ಹಿಡಿಯುವ ಶಕ್ತಿ ಹುಟ್ಟಿನಿಂದಲೇ ಕೆಲವರ ಮೂಗಿಗೆ ಇರುವುದಿಲ್ಲ.

ಪ್ಲೇಟಿಂಗ್ ಶಾಪಿನ ಕೊಳೆನೀರಿನಲ್ಲಿ ಇನ್ನೂ ಒಂದು ತೊಡಕಿದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕ್ರೋಮಿಯಂ ಇರುವ ನೀರನ್ನು ಶುದ್ಧ ಮಾಡುವಾಗ ಮೊದಲು ಅದಕ್ಕೆ ಆಸಿಡ್ ಹಾಕಿ ಪಿಎಚ್ ಅನ್ನು 2–3ಕ್ಕೆ ಇಳಿಸುತ್ತಾರೆ. ಆ ಹುಳಿಯಲ್ಲಿ ಮಾತ್ರ ವಿಷಕಾರಿ ಆರು-ವೇಲೆನ್ಸಿ ಕ್ರೋಮಿಯಂ, ಮೆಟಾಬೈಸಲ್ಫೈಟ್ ಎಂಬ ಲವಣದ ಜತೆ ವೇಗವಾಗಿ ವರ್ತಿಸಿ ಕಡಿಮೆ ವಿಷದ ರೂಪಕ್ಕೆ ತಿರುಗುತ್ತದೆ. ಸೈನೈಡ್ ಇರುವ ನೀರಿಗೆ ಇದರ ತದ್ವಿರುದ್ಧ. ಕಾಸ್ಟಿಕ್ ಹಾಕಿ ಪಿಎಚ್ ಅನ್ನು 10ರ ಮೇಲಕ್ಕೆ ಏರಿಸಿ, ಆಮೇಲೆ ಹೈಪೋ ಹಾಕಿ ಸೈನೈಡನ್ನು ಒಡೆಯಬೇಕು. ಒಂದು ಸಾಲಿಗೆ ಹುಳಿ ಔಷಧ, ಇನ್ನೊಂದಕ್ಕೆ ಹುಳಿಯೇ ವಿಷ. ಹಾಗಾಗಿ ಎರಡು ಸಾಲಿನ ಚರಂಡಿಗಳು ಬುಡದಿಂದಲೇ ಬೇರೆ ಇರಬೇಕು. ‘ಹೇಗೂ ಎರಡೂ ಇಟಿಪಿಗೇ (ಕೊಳೆನೀರು ಶುದ್ಧ ಮಾಡುವ ಘಟಕಕ್ಕೇ) ತಾನೆ ಹೋಗುವುದು’ ಎಂದು ಯಾರೋ ಪ್ಲಂಬಿಂಗ್ ಖರ್ಚು ಉಳಿಸಿ ಎರಡನ್ನೂ ಒಂದೇ ಪೈಪಿಗೆ ಸೇರಿಸಿದರೆ, ಕೊಳೆ ತೊಳೆಯಬೇಕಾದ ತೊಟ್ಟಿಯೇ ಹೈಡ್ರೋಜನ್ ಸೈನೈಡ್ ತಯಾರಿಸುವ ತೊಟ್ಟಿಯಾಗುತ್ತದೆ. ಕಾರ್ಖಾನೆಯ ನಕ್ಷೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡಬೇಕೆನ್ನುವುದು ಚರಂಡಿಗಳನ್ನು. ತೊಟ್ಟಿಗಳ ಮೇಲೆ ಎಲ್ಲರ ಕಣ್ಣಿರುತ್ತದೆ. ನೆಲದಡಿಯಲ್ಲಿ ಯಾವುದು ಯಾವುದನ್ನು ಕೂಡುತ್ತದೆ ಎಂಬುದು ಹಳೆಯ ಮೇಸ್ತ್ರಿಯೊಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ.

ಚರಂಡಿಯ ಮಾತು ಬಂದಾಗ ಸೂರತ್ ನೆನಪಾಗದೆ ಇರುವುದಿಲ್ಲ. 2022ರ ಜನವರಿ 6ರ ನಸುಕಿನಲ್ಲಿ, ಸಚಿನ್ ಕೈಗಾರಿಕಾ ಪ್ರದೇಶದಲ್ಲಿ, ಟ್ಯಾಂಕರೊಂದರಿಂದ ರಾಸಾಯನಿಕ ತ್ಯಾಜ್ಯವನ್ನು ಕಳ್ಳತನದಲ್ಲಿ ಚರಂಡಿಗೆ ಬಿಡುತ್ತಿದ್ದಾಗ ವಿಷಾನಿಲ ಎದ್ದು ಹತ್ತಿರದ ಡೈಯಿಂಗ್ ಮಿಲ್‌ನ ಕೆಲಸಗಾರರು ಬಿದ್ದರು. ಆರು ಮಂದಿ ಸತ್ತರು. ಕೈಗಾರಿಕಾ ಪ್ರದೇಶದ ಚರಂಡಿ ಖಾಲಿ ಪಾತ್ರೆಯಲ್ಲ. ಅದರಲ್ಲಿ ಆಗಲೇ ಯಾರದೋ ಆಸಿಡ್, ಯಾರದೋ ಬಣ್ಣದ ನೀರು ಹರಿಯುತ್ತಿರುತ್ತದೆ. ಸುರಿಯುವವನಿಗೆ ತಾನು ಸುರಿದದ್ದು ಏನು ಎಂದು ಗೊತ್ತಿದ್ದರೂ ಅದು ಯಾವುದರ ಮೇಲೆ ಬೀಳುತ್ತದೆ ಎಂದು ಗೊತ್ತಿರುವುದಿಲ್ಲ. ಚರ್ಮ ಹದ ಮಾಡುವಲ್ಲಿ, ಬಣ್ಣ ಹಾಕುವಲ್ಲಿ ಬಳಕೆಯಾಗುವ ಸಲ್ಫೈಡ್‌ಗಳು ಆಸಿಡ್ ನೀರಿಗೆ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆಯದು ಇದು. ಇದರ ಮೋಸ ಏನೆಂದರೆ ಹತ್ತು ಲಕ್ಷಕ್ಕೆ 100 ಪಾಲು ದಾಟಿದ ಮೇಲೆ ಮೂಗು ಸೋತು ವಾಸನೆ ತಿಳಿಯುವುದೇ ನಿಂತುಹೋಗುತ್ತದೆ. ‘ಈಗ ವಾಸನೆ ಕಡಿಮೆಯಾಯಿತು, ಇಳಿಯಬಹುದು’ ಅನ್ನಿಸುವ ಗಳಿಗೆಯೇ ಅತ್ಯಂತ ಕೆಟ್ಟ ಗಳಿಗೆ ಆಗಿರಬಹುದು. ಗುಂಡಿಗೆ ಇಳಿದವನು ಬಿದ್ದ, ಅವನನ್ನು ಎತ್ತಲು ಇಳಿದವನೂ ಬಿದ್ದ, ಮೂರನೆಯವನೂ ಬಿದ್ದ ಎಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯವರೆಗೆ ಹೇಳಿದ್ದು ಕೂಡಲೇ ಅನಿಲ ಎದ್ದು ಕಾಣುವ ಬೆರಕೆಗಳ ಬಗ್ಗೆ. ಇನ್ನೊಂದು ಜಾತಿ ಇದೆ: ಮೊದಲು ಏನೂ ಆಗದಂತೆ ಇದ್ದು, ಒಳಗೊಳಗೇ ಬಿಸಿಯೇರಿ, ಗಂಟೆಗಳ ನಂತರ ಕೈಮೀರುವಂಥದು. ಪ್ರಯೋಗಾಲಯದ ಲೋಟದಲ್ಲಿ ಎರಡು ದ್ರವ ಸೇರಿಸಿದರೆ ಲೋಟ ಸ್ವಲ್ಪ ಬೆಚ್ಚಗಾಗುತ್ತದೆ, ಅಷ್ಟೇ. ಅದನ್ನೇ ದೊಡ್ಡ ಟ್ಯಾಂಕಿನಲ್ಲಿ ಮಾಡಿದರೆ ಕಥೆ ಬೇರೆ. ಪಾತ್ರೆಯ ಅಳತೆ ಎಲ್ಲ ದಿಕ್ಕಿಗೂ ಹತ್ತು ಪಟ್ಟು ಹೆಚ್ಚಿದರೆ ಒಳಗಿನ ಸರಕು, ಅಂದರೆ ಹುಟ್ಟುವ ಶಾಖ, ಸಾವಿರ ಪಟ್ಟು ಹೆಚ್ಚುತ್ತದೆ. ಶಾಖ ಹೊರಹೋಗಬೇಕಾದ ಮೈ ಮಾತ್ರ ನೂರು ಪಟ್ಟು ಹೆಚ್ಚುತ್ತದೆ. ಹೊರಹೋಗಲಾರದ ಶಾಖ ಕ್ರಿಯೆಯ ವೇಗ ಹೆಚ್ಚಿಸುತ್ತದೆ, ವೇಗ ಹೆಚ್ಚಿದಷ್ಟೂ ಮತ್ತಷ್ಟು ಶಾಖ. ಬಣವೆಯ ಒಳಗೆ ಹಸಿ ಹುಲ್ಲು ಬಿಸಿಯೇರಿ ತಾನೇ ಹೊತ್ತಿಕೊಳ್ಳುವುದನ್ನು ಬಲ್ಲ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭೋಪಾಲ್‌ನಲ್ಲಿ ಆದದ್ದು ಇದು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಲ್ಲಿ ಸುಮಾರು 42 ಟನ್ ಮೀಥೈಲ್ ಐಸೋಸಯನೇಟ್, ಕೀಟನಾಶಕ ತಯಾರಿಸಲು ಬಳಸುವ ವಿಷದ ದ್ರವ, ಇತ್ತು. ಅದರೊಳಗೆ ನೀರು ಹೊಕ್ಕಿತು. ನೀರು ಹೇಗೆ ಬಂತು ಎಂಬ ವಾದ ಇಂದಿಗೂ ಇದೆ, ಬಂತು ಎಂಬುದರಲ್ಲಿ ವಾದವಿಲ್ಲ. ಈ ದ್ರವ ಕುದಿಯುವುದೇ 39 ಡಿಗ್ರಿಯಲ್ಲಿ, ಅದಕ್ಕಾಗಿಯೇ ತಣ್ಣಗೆ ಇಡಬೇಕಾದದ್ದು. ತಣ್ಣಗಿಡುವ ಯಂತ್ರವನ್ನು ಅದೇ ವರ್ಷದ ಜೂನ್‌ನಲ್ಲಿ ನಿಲ್ಲಿಸಲಾಗಿತ್ತು. ನೀರು ಸೇರಿ ಶಾಖವೂ ಇಂಗಾಲದ ಡೈಆಕ್ಸೈಡೂ ಹುಟ್ಟಿದವು. ಟ್ಯಾಂಕಿನ ಕಬ್ಬಿಣದ ಅಂಶ ಕ್ರಿಯೆಯನ್ನು ಇನ್ನಷ್ಟು ಕೆರಳಿಸಿತು. ಒಳಗಿನ ಉಷ್ಣತೆ 200 ಡಿಗ್ರಿ ದಾಟಿತ್ತು ಎಂಬುದು ನಂತರದ ಅಂದಾಜು. ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರದ ಪೈಪಿನ ತುಂಡೊಂದನ್ನು ದುರಸ್ತಿಗೆ ಬಿಚ್ಚಿಟ್ಟಿದ್ದರು. ಕಾರ್ಖಾನೆಯ ಗೋಡೆಯ ಆಚೆಯ ಗುಡಿಸಲುಗಳಲ್ಲಿ ಮಲಗಿದ್ದವರು ಸಾವಿರಗಟ್ಟಲೆ ಸತ್ತರು. ಅಲ್ಲಿ ಬೆರೆತ ಎರಡನೆಯ ‘ಕೆಮಿಕಲ್’ ನಾವು ಕುಡಿಯುವ ನೀರು ಎಂಬುದನ್ನು ನಾನು ಯಾವಾಗಲೂ ಒತ್ತಿ ಹೇಳುತ್ತೇನೆ. ನೀರಿಗಾಗದ ವಸ್ತು ಇರುವ ಜಾಗದಲ್ಲಿ ಸೋರುವ ಮಾಳಿಗೆಯೂ ಅಪಾಯವೇ, ಗಾಬರಿಯಲ್ಲಿ ಎಳೆದುತಂದ ಬೆಂಕಿ ಆರಿಸುವ ಪೈಪೂ ಅಪಾಯವೇ.

ಭೋಪಾಲ್ ಆದ ಮೇಲೆ ನಮ್ಮಲ್ಲಿ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿಯಾಯಿತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು, ಆಮದಿನ ನಿಯಮಗಳು ಬಂದವು. ಪ್ರತಿ ಅಪಾಯಕಾರಿ ವಸ್ತುವಿನ ಸುರಕ್ಷತಾ ಮಾಹಿತಿ ಹಾಳೆ, ಎಲ್ಲರೂ ಎಂಎಸ್‌ಡಿಎಸ್ ಎಂದು ಕರೆಯುವುದು, ಇರಲೇಬೇಕು. ಅದು ಹದಿನಾರು ಭಾಗಗಳ ಉದ್ದದ ಕಾಗದ, ಹೆಚ್ಚಿನ ಕಡೆ ಫೈಲಿನೊಳಗೆ ಮಲಗಿರುತ್ತದೆ. ಅದರಲ್ಲಿ 10ನೇ ಭಾಗವನ್ನು ಮಾತ್ರವಾದರೂ ತೆರೆದು ಓದಿ. ಯಾವುದರ ಜತೆ ಸೇರಿಸಬಾರದು ಎಂದು ಬರೆದಿರುವುದು ಅಲ್ಲಿ. ಸ್ಟೋರಿನಲ್ಲಿ ಇಪ್ಪತ್ತು ಸರಕುಗಳಿದ್ದರೆ ಇಪ್ಪತ್ತು 10ನೇ ಭಾಗಗಳನ್ನು ಪಕ್ಕಪಕ್ಕ ಇಟ್ಟು ಒಂದು ಕೋಷ್ಟಕ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಅಮೆರಿಕ ಸರಕಾರದ ‘ಕ್ಯಾಮಿಯೊ ಕೆಮಿಕಲ್ಸ್’ ಎಂಬ ಉಚಿತ ಜಾಲತಾಣವೂ ಇದೆ, ಎರಡು ರಾಸಾಯನಿಕಗಳ ಹೆಸರು ಕೊಟ್ಟರೆ ಅವು ಸೇರಿದಾಗ ಏನಾಗಬಹುದು ಎಂದು ತೋರಿಸುತ್ತದೆ.

ಹೆಸರಿನ ಗೊಂದಲ ಬೇರೆ. ಈಜುಕೊಳ ಇರುವ ಅಪಾರ್ಟ್‌ಮೆಂಟುಗಳಲ್ಲಿ ‘ಕ್ಲೋರಿನ್ ತನ್ನಿ’ ಅಂದರೆ ಅಂಗಡಿಯವರು ಟ್ರೈಕ್ಲೋರ್ ಗುಳಿಗೆ ಕೊಡಬಹುದು, ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯನ್ನೂ ಕೊಡಬಹುದು. ಕೊಳಕ್ಕೆ ಎರಡೂ ಕ್ಲೋರಿನ್ನೇ. ಆದರೆ ಒಂದರ ಡಬ್ಬಿಗೆ ಇನ್ನೊಂದನ್ನು ಸುರಿದು, ಸ್ವಲ್ಪ ತೇವ ತಗಲಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದೇ ಚಮಚವನ್ನು ಎರಡಕ್ಕೂ ಬಳಸಬಾರದು ಎಂದು ಹೇಳುವುದು ಇದಕ್ಕೆ.

ನೋಟದ ಗೊಂದಲ ಇನ್ನೂ ದೊಡ್ಡದು. 2019ರ ಮೇ 3ರಂದು ಇಲಿನಾಯ್ ರಾಜ್ಯದ ವಾಕೀಗನ್‌ನಲ್ಲಿ ಸಿಲಿಕೋನ್ ಕಾರ್ಖಾನೆಯೊಂದು ಸ್ಫೋಟಗೊಂಡು ನಾಲ್ವರು ಸತ್ತರು. ಸೇರಬಾರದ ಎರಡು ಸರಕು ಒಂದೇ ಟ್ಯಾಂಕಿಗೆ ಹೋಗಿ ಹೈಡ್ರೋಜನ್ ಹುಟ್ಟಿತ್ತು. ಆ ಎರಡೂ ಸರಕು ಬರುತ್ತಿದ್ದದ್ದು ಒಂದೇ ತರದ ನೀಲಿ ಡ್ರಮ್‌ಗಳಲ್ಲಿ. ನಮ್ಮ ಗೋದಾಮುಗಳಲ್ಲೂ ಅದೇ ನೀಲಿ ಡ್ರಮ್, ಅದೇ ಬಿಳಿ ಕ್ಯಾನ್. ಅದರಲ್ಲೂ ಖಾಲಿಯಾದ ಕ್ಯಾನಿಗೆ ಬೇರೆಯದನ್ನು ತುಂಬಿ ಹಳೆ ಲೇಬಲ್ ಹಾಗೇ ಬಿಡುವ ಅಭ್ಯಾಸ ನಮ್ಮದು. ಲೇಬಲ್ ಇದ್ದರೂ ಇಂಗ್ಲಿಷಿನಲ್ಲಿ. ಎತ್ತಿ ಸುರಿಯುವವರು ರಾಯಚೂರಿನಿಂದ, ಒಡಿಶಾದಿಂದ, ಬಿಹಾರದಿಂದ ಬಂದ ಹುಡುಗರು. ಇಂಥಲ್ಲಿ ‘ತರಬೇತಿ ಕೊಟ್ಟಿದ್ದೇವೆ’ ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮನುಷ್ಯ ದಣಿಯುತ್ತಾನೆ, ಮರೆಯುತ್ತಾನೆ. ಹೋಸಿನ ಬಾಯಿ ತಪ್ಪು ಪೈಪಿಗೆ ಕೂರದಂತೆ ಬೇರೆ ಬೇರೆ ಅಳತೆಯ ಕಪ್ಲಿಂಗ್ ಹಾಕಿಸಿ. ಪ್ರತಿ ಬಾಯಿಗೂ ಬೇರೆ ಬೀಗ, ಬೇರೆ ಬೀಗದ ಕೈ. ಆಸಿಡ್ ಒಂದು ಕಟ್ಟೆಯೊಳಗೆ, ಹೈಪೋ ಇನ್ನೊಂದು ಕಟ್ಟೆಯೊಳಗೆ, ಸೋರಿದರೂ ಕೂಡದಂತೆ. ಟ್ಯಾಂಕರಿನ ವಾಲ್ವನ್ನು ದೂರದಿಂದಲೇ ಮುಚ್ಚುವ ಗುಂಡಿ. ಆಚಿಸನ್‌ನ ಆ ಮುಕ್ಕಾಲು ಗಂಟೆ ಹೋದದ್ದು ವಾಲ್ವಿನ ಹತ್ತಿರ ಹೋಗಲಾಗದೆ.

ಇಷ್ಟಾಗಿಯೂ ಬೆರಕೆ ಆಗಿಬಿಟ್ಟರೆ, ಅದನ್ನು ‘ಸರಿಪಡಿಸಲು’ ಮೂರನೆಯದೊಂದನ್ನು ಸುರಿಯಬೇಡಿ. ಬಿಟ್ಟು ಹೊರಡಿ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಕಡೆಗೆ. ಬೇಸ್‌ಮೆಂಟಿಗೆ ಖಂಡಿತ ಇಳಿಯಬೇಡಿ. ಬಿದ್ದವರನ್ನು ಎತ್ತಲು ಉಸಿರಾಟದ ಉಪಕರಣ ಇಲ್ಲದೆ ಒಳಗೆ ಹೋಗಬೇಡಿ. ಇದನ್ನು ಹೇಳುವಾಗ ನನ್ನ ಹೊಟ್ಟೆ ಕಿವುಚಿದಂತಾಗುತ್ತದೆ, ಆದರೂ ಹೋಗಬೇಡಿ. 112ಕ್ಕೆ ಕರೆ ಮಾಡಿ. ಕಣ್ಣಿಗೆ, ಮೈಗೆ ತಗಲಿದ್ದರೆ ಬಟ್ಟೆ ಕಳಚಿ ಹರಿಯುವ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ತೊಳೆಯಿರಿ. ಕ್ಲೋರಿನ್ ಉಸಿರಿಗೆ ಎಳೆದುಕೊಂಡವರು ಹೊರಗೆ ಬಂದು ಕೆಮ್ಮು ನಿಂತ ಮೇಲೆ ‘ಸರಿಹೋಯಿತು’ ಎಂದು ಮನೆಗೆ ಹೊರಡುತ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಗಂಟೆಗಳ ನಂತರವೂ ಶುರುವಾಗಬಹುದು, ಆದ್ದರಿಂದ ಆಸ್ಪತ್ರೆಗೇ ಕರೆದೊಯ್ಯಿರಿ. ವೈದ್ಯರು ಮೊದಲು ಕೇಳುವುದು ‘ಉಸಿರಿಗೆ ಹೋದದ್ದು ಏನು’ ಎಂದು. ‘ಏನೋ ಗ್ಯಾಸ್ ಸಾರ್’ ಎಂಬ ಉತ್ತರದಿಂದ ಅವರಿಗೆ ದಾರಿ ಸಿಗುವುದಿಲ್ಲ. ಹಾಗಾಗಿ ಸ್ಟೋರಿನಲ್ಲಿರುವ ಪ್ರತಿ ಕ್ಯಾನಿನ, ಪ್ರತಿ ಡ್ರಮ್ಮಿನ ಲೇಬಲನ್ನು ಇವತ್ತೇ, ಏನೂ ಆಗದಿರುವ ಹೊತ್ತಿನಲ್ಲೇ, ಮೊಬೈಲಿನಲ್ಲಿ ಫೋಟೊ ತೆಗೆದು ಗೇಟಿನ ಸೆಕ್ಯುರಿಟಿಯವರ ಫೋನಿಗೂ ಕಳಿಸಿಡಿ. ಕರೆದೊಯ್ಯುವವರು ಎರಡು ಫೋಟೊ ತೋರಿಸಬೇಕು: ಸುರಿದದ್ದು ಯಾವುದು, ಅದು ಬಿದ್ದದ್ದು ಯಾವುದರ ಮೇಲೆ.